ಮಳೆ ತೋರಿಸಿದ ಲಂಡನ್

2019ನೆಯ ಇಸವಿಯ ಜೂನ್ 10, ಸೋಮವಾರ. ಲಂಡನ್ನಿನ ಪ್ಯಾಡಿಂಗ್ಟನ್ ಭಾಗದ ಒಂದು ಸಾಧಾರಣ ವಸತಿಗೃಹ. ಅದರ ಮೂರನೆಯ ಮಹಡಿಯ ಕಿಟಕಿಯ ಮುಂದೆ ಹುಬ್ಬಳ್ಳಿಯಿಂದ ಬಂದ ಕುಟುಂಬವೊಂದು ಮಾತಿಲ್ಲದೆ ನಿಂತಿದ್ದಿತು. ಹೊರಗೆ ಮಳೆ ಸುರಿಯುತ್ತಿದ್ದಿತು. ಎದುರಿನ ಮನೆಗಳ ಹೊಗೆಗೂಡುಗಳು ಮಳೆಯ ತೆರೆಯ ಹಿಂದೆ ಮಸಕು ಮಸಕಾಗಿ ಕಾಣುತ್ತಿದ್ದುವು. ಕೆಳಗೆ ಬೀದಿಯಲ್ಲಿ ಕಪ್ಪು ಕೊಡೆಗಳ ಸಾಲೊಂದು ಅವಸರದಿಂದ ನಿಲ್ದಾಣದ ಕಡೆಗೆ ಹರಿಯುತ್ತಿದ್ದಿತು.

ಮನೆಯ ಯಜಮಾನರು ಬ್ಯಾಂಕಿನ ಅಧಿಕಾರಿಗಳು. ಅವರ ಪತ್ನಿ ಪ್ರೌಢಶಾಲೆಯ ಉಪಾಧ್ಯಾಯಿನಿ. ಮಗಳು ಕಾಲೇಜಿನ ಮೆಟ್ಟಿಲನ್ನು ಆಗತಾನೆ ಹತ್ತಿದವಳು. ಮಗ ಹನ್ನೊಂದು ವರ್ಷದ ಹುಡುಗ. ಇವರ ಜೊತೆಗೆ ಯಜಮಾನರ ತಾಯಿ, ಎಪ್ಪತ್ತೆರಡು ವರ್ಷದ ವೃದ್ಧೆ. ನಾಲ್ಕು ವರ್ಷಗಳ ಕಾಲ ತಿಂಗಳು ತಿಂಗಳಿಗೂ ಕೂಡಿಟ್ಟ ಹಣದಿಂದ ಈ ಪ್ರವಾಸ ಕೈಗೂಡಿದ್ದಿತು. ಅಂದು ಲಂಡನ್ನಿನಲ್ಲಿ ಅವರ ಕೊನೆಯ ದಿನ. ಮರುದಿನ ಬೆಳಿಗ್ಗೆ ವಿಮಾನ.

ಆ ಕೊನೆಯ ದಿನಕ್ಕೆಂದು ಯಜಮಾನರು ಒಂದು ಪಟ್ಟಿಯನ್ನು ಬರೆದಿಟ್ಟಿದ್ದರು. ಹನ್ನೊಂದು ಗಂಟೆಗೆ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲುಗಾರರ ಬದಲಾವಣೆಯ ಮೆರವಣಿಗೆ. ಬಳಿಕ ಮೇಲ್ಛಾವಣಿಯಿಲ್ಲದ ಬಸ್ಸಿನಲ್ಲಿ ನಗರ ಪ್ರದಕ್ಷಿಣೆ. ಮಧ್ಯಾಹ್ನ ಥೇಮ್ಸ್ ನದಿಯಲ್ಲಿ ದೋಣಿಯ ವಿಹಾರ. ಸಂಜೆ 135 ಮೀಟರ್ ಎತ್ತರದ ‘ಲಂಡನ್ ಐ’ ಚಕ್ರವನ್ನೇರಿ ಇಡೀ ಊರನ್ನು ಒಂದೇ ನೋಟದಲ್ಲಿ ಕಾಣುವುದು. ಪಟ್ಟಿಯಲ್ಲಿದ್ದ ಪ್ರತಿಯೊಂದಕ್ಕೂ ತೆರೆದ ಆಕಾಶವೇ ಆಧಾರ. ಕೆಳಗಿನ ಕಚೇರಿಯ ಗುಮಾಸ್ತನನ್ನು ವಿಚಾರಿಸಿದಾಗ, ಮಳೆ ಜೋರಾದ ದಿನ ಕಾವಲಿನ ಮೆರವಣಿಗೆ ರದ್ದಾಗುವುದುಂಟು, ಇಂಥ ಹವೆಯಲ್ಲಿ ಅದನ್ನು ನಂಬಿಕೊಂಡು ಹೋಗಬಾರದು ಎಂದು ಆತ ವಿನಯದಿಂದಲೇ ತಿಳಿಸಿದನು.

“ಇಷ್ಟ ರೊಕ್ಕಾ ಸುರದು ಬಂದಿದ್ದು ಮಳಿ ನೋಡಾಕೇನು?” ಎಂದು ಯಜಮಾನರು ಪಟ್ಟಿಯನ್ನು ಮಂಚದ ಮೇಲೆ ಎಸೆದರು. ಪತ್ನಿ ಉತ್ತರ ಕೊಡಲಿಲ್ಲ. ಮಗಳು ಮೊಬೈಲಿನಲ್ಲಿ ಮುಖ ಮರೆಸಿಕೊಂಡಳು. ಅಜ್ಜಿ ಮಾತ್ರ ಕಿಟಕಿಯ ಗಾಜಿಗೆ ಅಂಗೈಯನ್ನಿಟ್ಟು, “ಮಿರಗ ಕೂಡೇತಿ. ಊರಾಗ ಮಳಿ ಆತೋ ಇಲ್ಲೋ,” ಎಂದು ತಮ್ಮಷ್ಟಕ್ಕೆ ತಾವೇ ನುಡಿದರು. ಬೈಲಹೊಂಗಲದ ಕಡೆಯ ಅವರ ಹಳ್ಳಿಯಲ್ಲಿ ಮೃಗಶಿರಾ ಮಳೆಗಾಗಿ ಹೊಲಗಳು ಹದಗೊಂಡು ಕಾದಿದ್ದುವು. ಆ ವರ್ಷ ಮುಂಗಾರು ಕೇರಳದ ಕರಾವಳಿಯನ್ನು ಮುಟ್ಟಿದುದೇ ಜೂನ್ 8ರಂದು, ವಾಡಿಕೆಗಿಂತ ಒಂದು ವಾರ ತಡವಾಗಿ.

ಹೆಸರು ದೊಡ್ಡದು, ಮಳೆ ಸಣ್ಣದು

ಲಂಡನ್ ಎಂದೊಡನೆ ಮಳೆಯೂ ಮಂಜೂ ನೆನಪಿಗೆ ಬರುವುದು ಲೋಕರೂಢಿ. ಆದರೆ ಲೆಕ್ಕ ನೋಡಿದರೆ ಸೋಜಿಗವಾಗುತ್ತದೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಬೆಂಗಳೂರಿನಲ್ಲಿ 900ಕ್ಕೂ ಹೆಚ್ಚು ಬೀಳುತ್ತದೆ. ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರನ್ನು ಮೀರುತ್ತದೆ. ಹಾಗಿದ್ದರೂ ಲಂಡನ್ನಿಗೆ ಈ ಹೆಸರು ಬಂದದ್ದೇಕೆ? ಅಲ್ಲಿಯ ಮಳೆಗೆ ಕಾಲವೆಂಬುದಿಲ್ಲ. ನಮ್ಮಲ್ಲಿ ಮುಂಗಾರು, ಹಿಂಗಾರು ಎಂದು ಮಳೆ ತನ್ನ ಸರದಿಯನ್ನು ಕಾಯುತ್ತದೆ. ಬಂದಾಗ ಸುರಿದು, ಹೋದಾಗ ಹೋಗುತ್ತದೆ. ಅಲ್ಲಿ ಆ ಸ್ವಲ್ಪ ಮಳೆಯೇ ವರ್ಷದ ನೂರಕ್ಕೂ ಹೆಚ್ಚು ದಿನಗಳಿಗೆ ಹಂಚಿಹೋಗಿದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಮೋಡಗಳು ಒಂದರ ಹಿಂದೊಂದು ಬಂದು, ಯಾವ ತಿಂಗಳೆಂಬ ಭೇದವಿಲ್ಲದೆ ಜಿಟಿಜಿಟಿ ಹನಿಸುತ್ತವೆ. ಆದುದರಿಂದಲೇ ಆ ಊರಿನವರು ಮಳೆಯನ್ನು ಕಾಯುವುದೂ ಇಲ್ಲ, ಅದಕ್ಕಾಗಿ ಕೆಲಸವನ್ನು ನಿಲ್ಲಿಸುವುದೂ ಇಲ್ಲ.

ಇಷ್ಟು ಮಳೆಯ ಊರಿನಲ್ಲಿ ಗಂಡಸರು ಕೊಡೆ ಹಿಡಿಯಲು ನಾಚುತ್ತಿದ್ದ ಕಾಲವೊಂದಿದ್ದಿತೆಂದರೆ ನಂಬುವುದು ಕಷ್ಟ. ಹದಿನೆಂಟನೆಯ ಶತಮಾನದ ನಡುವೆ ಕೊಡೆಯೆಂಬುದು ಅಲ್ಲಿ ಹೆಂಗಸರ ವಸ್ತು. ಲಂಡನ್ನಿನ ಬೀದಿಗಳಲ್ಲಿ ನಿತ್ಯವೂ ಕೊಡೆ ಹಿಡಿದು ನಡೆದ ಮೊದಲ ಗಂಡಸೆಂಬ ಖ್ಯಾತಿ ಜೋನಸ್ ಹ್ಯಾನ್ವೇ ಎಂಬ ವರ್ತಕನದು. ಬಾಡಿಗೆಯ ಗಾಡಿ ಹೊಡೆಯುವವರು ಆತನನ್ನು ಕಂಡು ಕೂಗಿ ಹಂಗಿಸುತ್ತಿದ್ದರಂತೆ. ಮಳೆ ಬಂದರೆ ತಾನೇ ಅವರಿಗೆ ಗಿರಾಕಿ! ಹ್ಯಾನ್ವೇ 1786ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಕೊಡೆ ಗೆದ್ದಿದ್ದಿತು.

ಹುಬ್ಬಳ್ಳಿಯ ಕುಟುಂಬಕ್ಕೆ ಮಾತ್ರ ಆ ಬೆಳಿಗ್ಗೆ ಇದ್ದುದು ಎರಡೇ ಕೊಡೆ. ಕೊನೆಗೆ ದಾರಿ ತೋರಿಸಿದವರು ಉಪಾಧ್ಯಾಯಿನಿ. “ಹೊರಗ ಮಳಿ ಇದ್ರ ಒಳಗ ಏನೇತಿ ನೋಡೋಣು. ಇಲ್ಲಿ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಕ್ಕ ಟಿಕೀಟ ಇಲ್ಲಂತ,” ಎಂದರು. ಮಾತು ನಿಜವಾಗಿದ್ದಿತು. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಸಂಗ್ರಹಗಳಿಗೆ 2001ರ ಡಿಸೆಂಬರಿನಿಂದ ಪ್ರವೇಶಧನವಿಲ್ಲ. ಐದು ಜನರ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ನೆಲದ ಕೆಳಗಿನ ದಾರಿ

ಪ್ಯಾಡಿಂಗ್ಟನ್ನಿನಲ್ಲಿ ಮೆಟ್ಟಿಲಿಳಿದರೆ ಮಳೆ ಅಲ್ಲಿಗೆ ಮುಗಿಯಿತು. ಜಗತ್ತಿನ ಮೊತ್ತಮೊದಲ ಭೂಗತ ರೈಲು ಹೊರಟುದು ಈ ಪ್ಯಾಡಿಂಗ್ಟನ್ನಿನಿಂದಲೇ, 1863ರ ಜನವರಿಯಲ್ಲಿ. ಆಗ ಅದನ್ನು ಎಳೆದುದು ಉಗಿಬಂಡಿ. ಸುರಂಗದಲ್ಲಿ ಹೊಗೆ ತುಂಬಿದರೂ ಜನ ಮುಗಿಬಿದ್ದು ಹತ್ತಿದರು. ಈಗ ವಿದ್ಯುತ್ತಿನ ಬಂಡಿ ಕೆಲವೇ ನಿಮಿಷಗಳಲ್ಲಿ ಸೌತ್ ಕೆನ್ಸಿಂಗ್ಟನ್ ನಿಲ್ದಾಣವನ್ನು ಮುಟ್ಟಿಸುತ್ತದೆ.

ಆ ನಿಲ್ದಾಣದಿಂದ ವಸ್ತುಸಂಗ್ರಹಾಲಯಗಳ ಬಾಗಿಲವರೆಗೆ ಹೋಗಲು ನೆಲದಡಿಯಲ್ಲೇ ಒಂದು ಕಾಲುದಾರಿಯಿದೆ. ಹೆಂಚಿನ ಗೋಡೆಗಳ, 400 ಮೀಟರಿಗೂ ಹೆಚ್ಚು ಉದ್ದದ ಈ ಸುರಂಗವನ್ನು ಕಟ್ಟಿದುದು 1885ರಲ್ಲಿ. ಮಳೆಗಾಲದಲ್ಲಿ ಬರುವ ಪ್ರೇಕ್ಷಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಅಂದು ಸುರಂಗದ ತುಂಬ ಒದ್ದೆ ಕೋಟುಗಳ ವಾಸನೆ, ಶಾಲೆಯ ಮಕ್ಕಳ ಗದ್ದಲ. ಯಾರೋ ಒಬ್ಬಾತ ಗೋಡೆಗೊರಗಿ ಪಿಟೀಲು ನುಡಿಸುತ್ತಿದ್ದನು. ಅಜ್ಜಿ ಅಲ್ಲಿ ಒಂದು ಗಳಿಗೆ ನಿಂತು, ಮೊಣಕಾಲಿನ ನೋವಿನ ನೆಪದಲ್ಲಿ, ಆ ವಾದನವನ್ನು ಪೂರ್ತಿ ಕೇಳಿದರು.

ಈ ಸೌತ್ ಕೆನ್ಸಿಂಗ್ಟನ್ ಭಾಗದ ಹಿಂದೆ ಒಂದು ಕಥೆಯಿದೆ. 1851ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಮಹಾ ವಸ್ತುಪ್ರದರ್ಶನವೊಂದು ನಡೆಯಿತು. ಅದರಿಂದ ಬಂದ ಲಾಭವನ್ನು ಖರ್ಚುಮಾಡಿ ಮುಗಿಸದೆ, ವಿದ್ಯೆಗೂ ಕಲೆಗೂ ಮೀಸಲಾಗಿಡಲು ಇಲ್ಲಿಯ ನೆಲವನ್ನು ಕೊಂಡರು. ಇಂದು ಅಕ್ಕಪಕ್ಕದಲ್ಲಿ ನಿಂತಿರುವ ಪ್ರಕೃತಿ ಚರಿತ್ರೆಯ ಸಂಗ್ರಹಾಲಯ, ವಿಜ್ಞಾನ ಸಂಗ್ರಹಾಲಯ, ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ ಇವೆಲ್ಲವೂ ಆ ದೂರದೃಷ್ಟಿಯ ಫಲ.

ಪ್ರಕೃತಿ ಚರಿತ್ರೆಯ ಸಂಗ್ರಹಾಲಯ 1881ರಲ್ಲಿ ತೆರೆಯಿತು. ಹೊರಗಿನಿಂದ ನೋಡಿದರೆ ದೇವಾಲಯವೆಂದೇ ಭ್ರಮೆಯಾಗುವ ಕಟ್ಟಡ. ಗೋಡೆಗೋಡೆಯಲ್ಲೂ ಸುಟ್ಟ ಮಣ್ಣಿನ ಪ್ರಾಣಿಗಳು, ಬಳ್ಳಿಗಳು. ನಡುವಿನ ಹಜಾರಕ್ಕೆ ಕಾಲಿಟ್ಟೊಡನೆ ಹುಡುಗ ತಲೆಯೆತ್ತಿ ನಿಂತುಬಿಟ್ಟನು. ಅವನ ಮೇಲೆ ನೀಲಿ ತಿಮಿಂಗಿಲದ ಅಸ್ಥಿಪಂಜರವೊಂದು ಕಡಲಿನೊಳಕ್ಕೆ ಧುಮುಕುವ ಭಂಗಿಯಲ್ಲಿ ತೂಗುತ್ತಿದ್ದಿತು. ಅದರ ಉದ್ದ 25 ಮೀಟರಿಗೂ ಹೆಚ್ಚು. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ಮರಳದಿಣ್ಣೆಗೆ ಸಿಕ್ಕಿಬಿದ್ದ ಜೀವಿಯದು. 2017ರಿಂದ ಅದನ್ನು ಈ ಹಜಾರದಲ್ಲಿ ತೂಗಹಾಕಿ, ‘ಹೋಪ್’ ಅಂದರೆ ಭರವಸೆ ಎಂದು ಹೆಸರಿಟ್ಟಿದ್ದಾರೆ. ಎಣ್ಣೆಗಾಗಿ ಮನುಷ್ಯ ಈ ಪ್ರಾಣಿಗಳನ್ನು ಬೇಟೆಯಾಡಿ ಬೇಟೆಯಾಡಿ ಇನ್ನೇನು ವಂಶವೇ ಅಳಿಯಬೇಕೆನ್ನುವಾಗ, 1966ರಲ್ಲಿ ಜಗತ್ತಿನ ರಾಷ್ಟ್ರಗಳು ಕೂಡಿ ಆ ಬೇಟೆಯನ್ನು ನಿಷೇಧಿಸಿದುವು. ಹೆಸರಿಗೆ ಕಾರಣ ಅದೇ.

ಮಧ್ಯಾಹ್ನ ಅಲ್ಲಿಯ ಕೆಳಮಾಳಿಗೆಯಲ್ಲಿ, ಮನೆಯಿಂದ ಬುತ್ತಿ ತಂದವರು ಕುಳಿತು ಉಣ್ಣುವ ಸ್ಥಳದಲ್ಲಿ, ಅಜ್ಜಿಯ ಚೀಲ ಬಿಚ್ಚಿಕೊಂಡಿತು. ಹುಬ್ಬಳ್ಳಿಯಿಂದ ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ. ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ಯಜಮಾನರು ಎರಡನೆಯ ರೊಟ್ಟಿಯನ್ನು ಮುರಿಯುವ ಹೊತ್ತಿಗೆ ತುಸು ನಕ್ಕರು. ಪಕ್ಕದ ಮೇಜಿನ ಪುಟ್ಟ ಹುಡುಗಿಯೊಬ್ಬಳು ರೊಟ್ಟಿಯ ಕಟಕಟ ಸದ್ದಿಗೆ ತಿರುಗಿ ನೋಡಿದಾಗ, ಅಜ್ಜಿ ಅವಳಿಗೂ ಒಂದು ಚೂರು ಕೊಟ್ಟರು. ಭಾಷೆ ಬೇಕಾಗಲಿಲ್ಲ.

ಗರ್ಜಿಸದ ಹುಲಿ

ರಸ್ತೆಯನ್ನು ದಾಟಿದರೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ. ಮಗಳಿಗೆ ಅಲ್ಲಿಯ ಉಡುಪುಗಳ ವಿಭಾಗವನ್ನು ನೋಡುವ ಆಸೆ. ಆದರೆ ಅಲ್ಲಿಗೆ ಹೋಗುವ ಮುನ್ನವೇ ಎಲ್ಲರನ್ನೂ ಹಿಡಿದು ನಿಲ್ಲಿಸಿದುದು ದಕ್ಷಿಣ ಏಷ್ಯದ ಕೋಣೆಯ ಗಾಜಿನ ಪೆಟ್ಟಿಗೆಯೊಂದು. ಅದರೊಳಗೆ ಮರದ ಹುಲಿಯೊಂದು, ನೆಲಕ್ಕೊರಗಿದ ಐರೋಪ್ಯ ಸಿಪಾಯಿಯ ಮೇಲೆರಗಿ ಅವನ ಕೊರಳಿಗೆ ಬಾಯಿ ಹಾಕಿದೆ. ಇದೇ ಟಿಪ್ಪು ಸುಲ್ತಾನನ ಹುಲಿ.

ಇದರ ಉದ್ದ 178 ಸೆಂಟಿಮೀಟರ್. ಹುಲಿಯ ಒಡಲೊಳಗೆ ಒಂದು ಪುಟ್ಟ ವಾದ್ಯ, ತಿದಿಗಳು, ಕೊಳವೆಗಳು. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ಅವನ ನರಳಾಟ ಕೇಳುತ್ತದೆ. ನಡುನಡುವೆ ಹುಲಿಯ ಗುರುಗುಟ್ಟುವಿಕೆ. ಹುಲಿಯೆಂದರೆ ಟಿಪ್ಪುವಿನ ಲಾಂಛನ. ಅವನ ಸಿಂಹಾಸನದಲ್ಲಿ, ಆಯುಧಗಳಲ್ಲಿ, ಸೈನಿಕರ ಉಡುಪಿನಲ್ಲಿ ಎಲ್ಲೆಲ್ಲೂ ಹುಲಿಯ ಮುಖ, ಹುಲಿಯ ಪಟ್ಟೆ. ತನ್ನ ವೈರಿಗಳಾದ ಇಂಗ್ಲಿಷರಿಗೆ ಒದಗಬೇಕಾದ ಗತಿಯನ್ನು ಅವನು ಈ ಆಟಿಕೆಯಲ್ಲಿ ಕಂಡಿದ್ದನು.

ಆದದ್ದು ಬೇರೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಕೋಟೆಯ ಬಾಗಿಲ ಬಳಿ ಹೋರಾಡುತ್ತ ಮಡಿದನು. ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕ ಈ ಹುಲಿ ಹಡಗನ್ನೇರಿ ಲಂಡನ್ನಿಗೆ ಬಂದಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಅದು ಜನರ ನೋಟಕ್ಕೆ ತೆರೆದುಕೊಂಡಿತು. ಬಂದವರೆಲ್ಲ ಹಿಡಿಕೆ ತಿರುಗಿಸುವವರೇ. ಪಕ್ಕದ ಗ್ರಂಥಾಲಯದಲ್ಲಿ ಕುಳಿತು ಓದುತ್ತಿದ್ದ ವಿದ್ವಾಂಸರಿಗೆ ಈ ಗರ್ಜನೆ ಸಾಕು ಸಾಕಾಗಿಹೋಗಿದ್ದಿತು. ಕಾಲಾಂತರದಲ್ಲಿ ಹಿಡಿಕೆಯೇ ಕಳೆದುಹೋದಾಗ ಅವರು ನಿಟ್ಟುಸಿರುಬಿಟ್ಟಿರಬೇಕು. ಕಂಪನಿ ಅಳಿದ ಬಳಿಕ ಹುಲಿ ಸೌತ್ ಕೆನ್ಸಿಂಗ್ಟನ್ನಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬಿನಿಂದ ಮೇಲಿನ ಛಾವಣಿ ಕುಸಿದು, ಹುಲಿ ನೂರಾರು ಚೂರುಗಳಾಯಿತು. ಆ ಚೂರುಗಳನ್ನೆಲ್ಲ ಆಯ್ದು, ಒಂದಕ್ಕೊಂದು ಹೊಂದಿಸಿ ಅಂಟಿಸಿ, 1947ರ ವೇಳೆಗೆ ಮತ್ತೆ ಪ್ರದರ್ಶನಕ್ಕಿಟ್ಟರು. ಭಾರತ ಸ್ವತಂತ್ರವಾದ ವರ್ಷವೂ ಅದೇ.

ಹುಡುಗ ಗಾಜಿಗೆ ಮೂಗನ್ನೊತ್ತಿ ಬಹಳ ಹೊತ್ತು ನೋಡಿದನು. ಬಳಿಕ ತಂದೆಯ ಕಡೆ ತಿರುಗಿ, “ಅಪ್ಪಾ, ಇದು ನಮ್ಮದಲ್ಲೇನು? ಮತ್ತ ಇಲ್ಲ್ಯಾಕ ಐತಿ?” ಎಂದು ಕೇಳಿದನು.

ಯಜಮಾನರು ತಟ್ಟನೆ ಉತ್ತರಿಸಲಾರದೆ ಹೋದರು. ಯುದ್ಧದಲ್ಲಿ ಗೆದ್ದವರು ಒಯ್ದರೆಂದು ಹೇಳಿದರು. ಒಯ್ದುದು ಸರಿಯೇ ಎಂದು ಹುಡುಗ ಕೇಳಿದನು. ಒಯ್ಯದಿದ್ದರೆ ಇಷ್ಟು ಜೋಪಾನವಾಗಿ ಉಳಿಯುತ್ತಿತ್ತೋ ಇಲ್ಲವೋ ಎಂದು ಮಗಳು ನಡುವೆ ಬಾಯಿ ಹಾಕಿದಳು. ಅವರದೇ ಯುದ್ಧದಲ್ಲಿ ಅದು ಚೂರಾಗಲಿಲ್ಲವೇ ಎಂದು ತಾಯಿ ಮರುಪ್ರಶ್ನೆ ಹಾಕಿದರು. ವಾದ ಹೀಗೆ ಬೆಳೆಯುತ್ತಿರುವಾಗ ಅಜ್ಜಿ ಮೆಲ್ಲನೆ, “ನಮ್ಮ ಕಿತ್ತೂರಿನ ಭಂಡಾರನೂ ಹಿಂಗ ಹೋತು. ಅರಮನಿ ಗ್ವಾಡಿ ಅಷ್ಟ ಉಳದಾವು. ಸಣ್ಣಾಕಿದ್ದಾಗ ಆ ಗ್ವಾಡಿ ಮ್ಯಾಲೆ ಆಡಿದಾಕಿ ನಾನು,” ಎಂದರು. 1824ರಲ್ಲಿ ರಾಣಿ ಚೆನ್ನಮ್ಮ ಇದೇ ಕಂಪನಿಯ ಸೈನ್ಯವನ್ನು ಒಮ್ಮೆ ಸೋಲಿಸಿ ಎರಡನೆಯ ಸಲ ಸೆರೆಯಾದಳು. ಅವಳ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಇತಿಹಾಸ, ಗಾಜಿನ ಪೆಟ್ಟಿಗೆಯ ಮುಂದೆ ಅಜ್ಜಿಯ ಬಾಯಿಂದ ಬಂದಾಗ, ಮಕ್ಕಳಿಬ್ಬರೂ ಸುಮ್ಮನಾದರು.

ಸಂಚಿಯಲ್ಲಿದ್ದ ಕಾಗದ

ಆ ಸಂಗ್ರಹಾಲಯದ ಉಪಾಹಾರಗೃಹವೂ ಒಂದು ಪ್ರೇಕ್ಷಣೀಯ ಸ್ಥಳವೇ. ಜಗತ್ತಿನ ಸಂಗ್ರಹಾಲಯಗಳಲ್ಲಿ ಮೊದಲು ತೆರೆದ ಉಪಾಹಾರಗೃಹವೆಂಬ ಹೆಗ್ಗಳಿಕೆ ಅದರದು. ಬಣ್ಣದ ಹೆಂಚು, ಚಿತ್ರಿತ ಗಾಜು, ಎತ್ತರದ ಕಂಬಗಳು. ಐವರೂ ಅಲ್ಲಿ ಚಹಾ ಕುಡಿಯುತ್ತ ಕುಳಿತಾಗ ಗಂಟೆ ನಾಲ್ಕಾಗಿದ್ದಿತು. ಕಿಟಕಿಯಾಚೆ ಮಳೆ ನಿಂತಿರಲಿಲ್ಲ. ಯಜಮಾನರು ಜೇಬಿನಿಂದ ಬೆಳಗಿನ ಪಟ್ಟಿಯನ್ನು ತೆಗೆದರು. ನೀರು ತಾಗಿ ಶಾಯಿ ಹರಡಿ, ಅಕ್ಷರಗಳು ಒಂದರೊಳಗೊಂದು ಕಲೆತುಹೋಗಿದ್ದುವು. ‘ಅರಮನೆ’ ಎಂಬ ಮಾತೊಂದು ಮಾತ್ರ ಓದಲು ಬರುತ್ತಿದ್ದಿತು.

ಆಗ ಉಪಾಧ್ಯಾಯಿನಿ ಏನು ತೋರಿತೋ, “ಅತ್ತಿ, ನಿಮಗೇನು ನೋಡಬೇಕನಸೇತಿ? ಈ ಐದು ದಿನದಾಗ ನಿಮ್ಮನ್ನ ಯಾರೂ ಕೇಳಲೇ ಇಲ್ಲ,” ಎಂದರು.

ಮಾತು ಸತ್ಯವಾಗಿದ್ದಿತು. ಪಟ್ಟಿಯನ್ನು ಬರೆಯುವಾಗ ಮಗ ಕ್ರಿಕೆಟ್ಟನ್ನು ಬೇಡಿದ್ದನು. ಮಗಳು ‘ಲಂಡನ್ ಐ’ ಚಕ್ರವನ್ನು ಬೇಡಿದ್ದಳು. ಹಿಂದಿನ ದಿನ, ಭಾನುವಾರ, ತಂದೆ ಮಗ ಇಬ್ಬರೂ ಓವಲ್ ಮೈದಾನದಲ್ಲಿ ವಿಶ್ವಕಪ್ ಪಂದ್ಯವನ್ನು ನೋಡಿ, ಭಾರತ ಆಸ್ಟ್ರೇಲಿಯವನ್ನು 36 ರನ್ನುಗಳಿಂದ ಸೋಲಿಸಿದ ಹಿಗ್ಗಿನಲ್ಲಿ ಕುಣಿಯುತ್ತ ಬಂದಿದ್ದರು. ತಾಯಿ ಮಗಳು ಅಂಗಡಿ ಬೀದಿಗಳನ್ನು ಸುತ್ತಿದ್ದರು. ಅಜ್ಜಿ ಕಾಲುನೋವೆಂದು ಹೇಳಿ ಕೋಣೆಯಲ್ಲೇ ಉಳಿದಿದ್ದರು. ಅವರಿಗೂ ಒಂದು ಆಸೆಯಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ದುಷ್ಟತನದಿಂದಲ್ಲ, ಮನೆಮನೆಗಳಲ್ಲಿ ಆಗುವಂತೆ, ಅಜ್ಜಿಯೆಂದರೆ ಜೊತೆಗೆ ಬರುವವರು ಎಂಬ ಅಭ್ಯಾಸದಿಂದ.

ಅಜ್ಜಿ ಬೇಡ ಬೇಡವೆನ್ನುತ್ತಲೇ ಸೊಂಟದ ಸಂಚಿಯನ್ನು ಬಿಚ್ಚಿದರು. ಅಡಿಕೆಯ ಚೂರು, ವಿಭೂತಿಯ ಉಂಡೆಗಳ ನಡುವಿನಿಂದ ನಾಲ್ಕು ಮಡಿಕೆಯ ಕಾಗದವೊಂದು ಹೊರಬಂದಿತು. ಹಳದಿಗಟ್ಟಿದ ಪತ್ರಿಕೆಯ ತುಣುಕು. ಅದರಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ನಿಂತ ಬಸವೇಶ್ವರರ ಪ್ರತಿಮೆಯ ಚಿತ್ರವಿದ್ದಿತು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದ ಸುದ್ದಿ ಅದು. ಅಂದಿನಿಂದ ಮೂರೂವರೆ ವರ್ಷ ಆ ತುಣುಕು ಸಂಚಿಯಲ್ಲಿಯೇ ಇದ್ದಿತು.

“ನಿನ್ನೆ ನೀವು ಆಟ ನೋಡಾಕ ಹ್ವಾದಾಗ ಕೇಳಬೇಕಂದಿದ್ದೆ. ಹುಡುಗನ ಖುಷಿಯಾಗ ಯಾಕ ಅಡ್ಡ ಬರೂದಂತ ಸುಮ್ಮನಾದೆ, ಯಪ್ಪಾ,” ಎಂದರು.

ಯಜಮಾನರು ಮೊಬೈಲಿನಲ್ಲಿ ನಕಾಶೆಯನ್ನು ತೆರೆದು ನೋಡಿದರು. ಓವಲ್ ಮೈದಾನಕ್ಕೂ ಆ ಪ್ರತಿಮೆಗೂ ಹೆಚ್ಚೆಂದರೆ ಒಂದು ಮೈಲಿಯ ಅಂತರ. ಅವರು ತಲೆ ತಗ್ಗಿಸಿದರು. ಆಮೇಲೆ ಎದ್ದು, ಶಾಯಿ ಹರಡಿದ ಪಟ್ಟಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿ, “ನಡಿಯವ್ವಾ,” ಎಂದಷ್ಟೇ ನುಡಿದರು.

ಕಪ್ಪು ಟ್ಯಾಕ್ಸಿ

ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲಿ ಐದು ಜನ ಎದುರುಬದುರಾಗಿ ಕೂಡಬಹುದು. ಬಾಡಿಗೆ ಅಗ್ಗವಲ್ಲ, ಆದರೆ ಆ ಚಾಲಕರ ವಿದ್ಯೆಯೂ ಅಗ್ಗವಲ್ಲ. ಚೇರಿಂಗ್ ಕ್ರಾಸಿನಿಂದ ಆರು ಮೈಲಿಯ ತ್ರಿಜ್ಯದೊಳಗಿನ ಸುಮಾರು 25,000 ಬೀದಿಗಳನ್ನೂ, ಅಲ್ಲಿರುವ ಚರ್ಚು, ಆಸ್ಪತ್ರೆ, ನಾಟಕಶಾಲೆ, ಪ್ರತಿಮೆಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷಕರ ಮುಂದೆ ಮತ್ತೆ ಮತ್ತೆ ಒಪ್ಪಿಸಿದವರಿಗೇ ಪರವಾನಗಿ. 1865ರಿಂದ ನಡೆದುಬಂದಿರುವ ಈ ಪರೀಕ್ಷೆಗೆ ‘ನಾಲೆಜ್’, ಅಂದರೆ ಜ್ಞಾನವೆಂದೇ ಹೆಸರು. ಅದನ್ನು ಮುಗಿಸಲು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವೇಶ್ವರರ ಪ್ರತಿಮೆ ಎಂದೊಡನೆ ಚಾಲಕ ತಲೆಯಾಡಿಸಿ ಬಂಡಿಯನ್ನು ಹೊರಡಿಸಿದನು. ಸ್ಥಳ ಅವನಿಗೆ ಗೊತ್ತು; ವ್ಯಕ್ತಿ ಗೊತ್ತಿರಲಿಲ್ಲ. ದಾರಿಯಲ್ಲಿ ಕನ್ನಡಿಯೊಳಗಿಂದ ನೋಡುತ್ತ, ಅವರು ಯಾರು ಎಂದು ಕುತೂಹಲದಿಂದ ಕೇಳಿದನು. ಉತ್ತರಿಸುವ ಭಾರ ಮಗಳ ಮೇಲೆ ಬಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿಯಾಗಿದ್ದವರು. ಹುಟ್ಟಿನಿಂದ ಮೇಲು ಕೀಳಿಲ್ಲವೆಂದು ಸಾರಿದವರು. ಕೈಯಿಂದ ದುಡಿಯುವ ಯಾವ ಕೆಲಸವೂ ಕೀಳಲ್ಲ, ಕಾಯಕವೇ ದೊಡ್ಡದೆಂದು ಕಲಿಸಿದವರು. ಅಂಬಿಗ, ಮಡಿವಾಳ, ಚಮ್ಮಾರ, ಹೆಂಗಸರು, ಗಂಡಸರು ಎಲ್ಲರೂ ಒಂದೆಡೆ ಕುಳಿತು ವಿಚಾರ ಮಾಡಿದ ಅನುಭವ ಮಂಟಪದ ಮುಖ್ಯಪುರುಷರು. ತಾವು ಕಂಡುದನ್ನು ಜನರಾಡುವ ಕನ್ನಡದಲ್ಲೇ ವಚನಗಳಾಗಿ ನುಡಿದವರು. ಅವಳು ತಡವರಿಸುತ್ತ ಆರಂಭಿಸಿದ ಮಾತು ಹೇಳಹೇಳುತ್ತ ನೆಟ್ಟಗಾಯಿತು. ಅಜ್ಜಿಗೆ ಇಂಗ್ಲಿಷ್ ತಿಳಿಯದಿದ್ದರೂ ನಡುವೆ ಬಂದ ‘ಕಾಯಕ’, ‘ಕಲ್ಯಾಣ’ ಎಂಬ ಮಾತುಗಳಿಗೆ ತಲೆದೂಗಿದರು.

ಲ್ಯಾಂಬೆತ್ ಸೇತುವೆಯನ್ನು ದಾಟುವಾಗ ಎಡಗಡೆಗೆ ಪಾರ್ಲಿಮೆಂಟಿನ ಗೋಪುರಗಳು ಮಳೆಯಲ್ಲಿ ನೆರಳಿನಂತೆ ಕಂಡುವು. ಬಿಗ್ ಬೆನ್ ಗಂಟೆಯ ಗೋಪುರ ದುರಸ್ತಿಗಾಗಿ ಉಕ್ಕಿನ ಚೌಕಟ್ಟಿನಲ್ಲಿ ಅಡಗಿದ್ದಿತು. 2017ರ ಆಗಸ್ಟಿನಿಂದ ಆ ಗಂಟೆ ಮೌನವಾಗಿದ್ದಿತು. ಸೇತುವೆಯಾಚೆ ಬಲಕ್ಕೆ ತಿರುಗಿದರೆ ಆಲ್ಬರ್ಟ್ ದಂಡೆ. ಪ್ರವಾಹದಿಂದ ನಲುಗುತ್ತಿದ್ದ ಲ್ಯಾಂಬೆತ್ತಿನ ಬಡಜನರ ಮನೆಗಳನ್ನು ಕಾಪಾಡಲು ಇಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ 1866ರಿಂದ 1869ರ ನಡುವೆ ಕಟ್ಟಿಸಿದ ಗಟ್ಟಿ ಕಲ್ಲಿನ ತಡೆಗೋಡೆಯದು. ಲಂಡನ್ನಿಗೆ ಅವನು ಕೊಟ್ಟ ಇನ್ನೂ ದೊಡ್ಡ ಕೊಡುಗೆ ನೆಲದ ಕೆಳಗಿದೆ. 1858ರ ಬೇಸಗೆಯಲ್ಲಿ ಥೇಮ್ಸ್ ನದಿ ಗಬ್ಬುನಾತದ ಕಾಲುವೆಯಾಗಿ, ಪಾರ್ಲಿಮೆಂಟಿನ ಸದಸ್ಯರೇ ಮೂಗು ಮುಚ್ಚಿಕೊಂಡಾಗ, ಊರಿನ ಕೊಳಚೆಯನ್ನು ದೂರ ಸಾಗಿಸುವ ಇಟ್ಟಿಗೆಯ ಮಹಾ ಚರಂಡಿಗಳನ್ನು ಕಟ್ಟಿದವನು ಅವನೇ. ಆದರೆ ಆ ಚರಂಡಿಗಳಲ್ಲಿ ಮಳೆನೀರೂ ಕೊಳಚೆಯೂ ಕೂಡಿಯೇ ಹರಿಯುತ್ತವೆ; ಜೋರು ಮಳೆಯ ದಿನ ತುಂಬಿ ನದಿಗೆ ಹೊರಚೆಲ್ಲುತ್ತಿದ್ದುವು. ಅದನ್ನು ತಡೆಯಲು ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗವೊಂದನ್ನು ಕೊರೆಯುವ ಕೆಲಸ ಆಗ ನಡೆಯುತ್ತಿದ್ದಿತು. 2025ರಲ್ಲಿ ಅದು ಪೂರ್ಣವಾಗಿ ಕೆಲಸಮಾಡತೊಡಗಿತು.

ಎಲ್ಲರಿಗೂ ಒಂದೇ ಮಳೆ

ಟ್ಯಾಕ್ಸಿ ನಿಂತಿತು. ಮಳೆಯ ಹೊಡೆತಕ್ಕೆ ದಂಡೆಯ ಮೇಲೆ ಜನರಿರಲಿಲ್ಲ. ಪೀಠದ ಮೇಲೆ ಬಸವೇಶ್ವರರು, ಅವರ ಹಿಂದೆ ಬೂದುಬಣ್ಣದ ನದಿ. ಅಜ್ಜಿ ಬಂಡಿಯ ಬಾಗಿಲಲ್ಲೇ ಚಪ್ಪಲಿಯನ್ನು ಬಿಟ್ಟರು. ಸೊಸೆ ಬೇಡವೆನ್ನಲಿಲ್ಲ, ಕೊಡೆ ಹಿಡಿದು ಜೊತೆಯಲ್ಲಿ ನಡೆದರು. ಒದ್ದೆ ಕಲ್ಲಿನ ಮೇಲೆ ಮೆಲ್ಲಮೆಲ್ಲನೆ ಹೆಜ್ಜೆಯಿಟ್ಟು ಹೋಗಿ, ಅಜ್ಜಿ ಹಣೆಗೆ ವಿಭೂತಿ ಧರಿಸಿ, ಕೈಮುಗಿದು ನಿಂತರು. ಅವರು ಏನನ್ನು ಬೇಡಿಕೊಂಡರೋ ಯಾರಿಗೂ ಕೇಳಿಸಲಿಲ್ಲ.

ಹುಡುಗನಿಗೆ ಏನೆನ್ನಿಸಿತೋ, ಇನ್ನೊಂದು ಕೊಡೆಯನ್ನು ಬಿಚ್ಚಿ, ತುದಿಗಾಲಿನಲ್ಲಿ ನಿಂತು, ಪ್ರತಿಮೆಯ ಕಡೆಗೆ ಎತ್ತಿ ಹಿಡಿಯಲು ಹೋದನು. ಅವನ ಕೈ ಅಷ್ಟೆತ್ತರ ಹೋಗಲಿಲ್ಲ.

“ಅವರಿಗ್ಯಾಕೋ ಕೊಡಿ, ತಮ್ಮಾ? ಮಳಿ ಎಲ್ಲಾರಿಗೂ ಒಂದ. ನಿಮ್ಮಪ್ಪ ತೊಯ್ಯಾಕತ್ತಾನ, ಅವಗ ಹಿಡಿ,” ಎಂದು ಅಜ್ಜಿ ನಕ್ಕರು. ಯಜಮಾನರು ನಿಜಕ್ಕೂ ತೊಯ್ದು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿದ್ದುದು ಮಳೆಯಿಂದಲೋ ಬೇರೆ ಕಾರಣದಿಂದಲೋ ಎಂದು ಯಾರೂ ವಿಚಾರಿಸಲಿಲ್ಲ.

ಟ್ಯಾಕ್ಸಿಯ ಚಾಲಕನೂ ಇಳಿದು, ಟೋಪಿ ತೆಗೆದು ಒಂದು ಕ್ಷಣ ನಿಂತನು. ಇಷ್ಟು ದಿನ ಈ ಪ್ರತಿಮೆಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದರೂ ಇವರ ಪರಿಚಯವಾದುದು ಇಂದೇ ಎಂದು ಹುಡುಗಿಗೆ ಹೇಳಿದನು.

ಜೂನ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ರಾತ್ರಿ ಒಂಬತ್ತು ಗಂಟೆ ಮೀರಿದ ಮೇಲೆ ಮುಳುಗುತ್ತಾನೆ. ಆದುದರಿಂದ ಅವರು ವಸತಿಗೃಹಕ್ಕೆ ಹಿಂದಿರುಗಿದಾಗ ಇನ್ನೂ ಬೆಳಕಿದ್ದಿತು. ಸೌತಾಂಪ್ಟನ್ನಿನಲ್ಲಿ ನಡೆಯಬೇಕಾಗಿದ್ದ ದಕ್ಷಿಣ ಆಫ್ರಿಕ ಮತ್ತು ವೆಸ್ಟ್ ಇಂಡೀಸ್ ಪಂದ್ಯ ಎಂಟು ಓವರುಗಳೂ ತುಂಬದೆ ಮಳೆಗೆ ಬಲಿಯಾಯಿತೆಂದು ದೂರದರ್ಶನ ತಿಳಿಸುತ್ತಿದ್ದಿತು. ಆ ವಿಶ್ವಕಪ್ಪಿನಲ್ಲಿ ಹೀಗೆ ನಾಲ್ಕು ಪಂದ್ಯಗಳು ಫಲಿತಾಂಶವಿಲ್ಲದೆ ಕೊಚ್ಚಿಹೋದುವು. ಮಗ ಅದನ್ನು ನೋಡುತ್ತಲೇ ನಿದ್ದೆಹೋದನು.

ಅಜ್ಜಿ ಊರಿಗೆ ದೂರವಾಣಿ ಮಾಡಿಸಿದರು. ಅಲ್ಲಿ ನಡುರಾತ್ರಿಯಾಗಿದ್ದರೂ ಮೈದುನ ಎಚ್ಚರವಾಗಿದ್ದರು. ಮೋಡ ಕಟ್ಟಿದೆ, ಮಳೆ ಇನ್ನೂ ಬಂದಿಲ್ಲ ಎಂಬ ಉತ್ತರ ಬಂದಿತು. “ಬರತೈತಿ ಬಿಡು. ಇಲ್ಲಿದು ಮುಗದ ಮ್ಯಾಲೆ ಅಲ್ಲೆ ಬರತೈತಿ,” ಎಂದು ಅಜ್ಜಿ ಸಮಾಧಾನ ಹೇಳಿದರು. ಬಳಿಕ ಪತ್ರಿಕೆಯ ತುಣುಕನ್ನು ತೆಗೆದು ನೋಡಿದರು. ಅದರ ಒಂದು ಮೂಲೆಗೆ ಥೇಮ್ಸ್ ದಂಡೆಯ ಮಳೆಹನಿ ತಾಗಿದ್ದಿತು. ದೀಪದ ಬಿಸುಪಿಗೆ ಹಿಡಿದು ಅದನ್ನು ಆರಿಸಿ, ಮತ್ತೆ ನಾಲ್ಕು ಮಡಿಕೆ ಮಾಡಿ, ಸಂಚಿಯೊಳಗೆ ಇಟ್ಟುಕೊಂಡರು.